ಪೆರಿಯಾರ್ ಕೆರೆಗೆ ಒಡೆದ ಕಾಯಿ

ಟೇಕಲ್
೯ ಫೆಬ್ರವರಿ ೧೯೪೧

ಪ್ರೀತಿಯ ತಮ್ಮ ಕದಿರೇಶನಿಗೆ,

ನೀರಿನ ಮೇಲಿಂದ ನೋಡಿದರೆ ಪ್ರಾಣಿಗಳು ಹೆದರುವುದಿಲ್ಲ ಎಂದು ನೀನು ಯಾವುದೋ ಕಾಗದದಲ್ಲಿ ಬರೆದಿದ್ದೆ. ಇಲ್ಲ, ನಾವು ಹೆದರುವುದಿಲ್ಲ ಎಂದಿತ್ತೋ ಏನೋ. ಮೈ ಹೇಗಿದೆ? ಕಾಡಿನ ಜ್ವರ ಮತ್ತೆ ಬಂತೇ? ನಾವು ಊರು ಸೇರಿದೆವು. ರೈಲು, ಬಸ್ಸುಗಳ ದಣಿವು ಇನ್ನೂ ಸೊಂಟ ಬಿಟ್ಟಿಲ್ಲ.

ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದೂ ಮಂಜಾಗುವ ಮೊದಲು ನಿನ್ನ ಮುಖ ನೋಡಬೇಕೆಂದು ಅಮ್ಮ ಹಟ ಹಿಡಿದದ್ದನ್ನು ಮೊದಲೇ ತಿಳಿಸಿದ್ದೆ. ಪೆರಿಯಾರ್ ಕೆರೆಯ ದಡದಲ್ಲಿ ಇಳಿದರೆ ನೀನಿರಲಿಲ್ಲ. ಯಾರೋ ದೊರೆಗಳ ಜೊತೆ ಮೇಲಿನ ಕಾಡಿಗೆ ಹೋಗಿದ್ದಾನೆ ಎಂದರು. ನೀನು ಜನರಿಗೆ ಪ್ರಾಣಿ ತೋರಿಸುವ ದೋಣಿಯಲ್ಲೇ, ನಿನ್ನ ಬದಲಿಗೆ ಬಂದ ಕಂಬಂ ಕಡೆಯ ತೆಲುಗಿನವನೊಂದಿಗೆ ಕೂತೆವು. ಮಗ ಸಿಗದಿದ್ದರೆ ಅವನು ದಿನಾ ನೋಡುವುದನ್ನಾದರೂ ನೋಡುತ್ತೇನೆ ಎಂದಳು ಅಮ್ಮ. ಎರಡೂ ಕಡೆ ಕಾಡು ಕಪ್ಪಗೆ ನಿಂತಿತ್ತು. ನೀರಿನಲ್ಲಿ ಸತ್ತ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಮೀನು ಕಚ್ಚಿಕೊಂಡ ನೀರುನಾಯಿಯೊಂದು ತಲೆಯೆತ್ತಿ ನಮ್ಮನ್ನು ನೋಡಿ, ಆಸಕ್ತಿ ಕಳೆದುಕೊಂಡು ಮುಳುಗಿತು. ಆ ತೆಲುಗಿನವನು ಬೆರಳು ಮಾಡಿದಲ್ಲೆಲ್ಲ ಅಮ್ಮ ತಲೆಯಾಡಿಸಿದಳು, ಏನು ಕಂಡಳೋ. ತಿರುವಿನಲ್ಲಿ ಆನೆಯ ಹಿಂಡು ನೀರು ಕುಡಿಯುತ್ತಿತ್ತು. ಅವನು ಹುಟ್ಟನ್ನು ಮೆಲ್ಲಗೆ ಮೇಲೆತ್ತಿದ. ಆಗಲೇ ಅಮ್ಮ, ನಮ್ಮೂರ ಕೆರೆ ಕೋಡಿ ಬಿದ್ದಾಗ ಮಾಡುವ ಹಾಗೆ, ಮಡಿಲಿನ ಅರಿಸಿನ ಕುಂಕುಮವನ್ನು ನೀರಿಗೆ ಬಿಟ್ಟು, ದೋಣಿಯ ಅಂಚಿಗೆ ಫಟ್ಟನೆ ಕಾಯಿ ಒಡೆದಳು. ಹಿಂಡು ಘೀಳಿಟ್ಟು ಕಾಡಿಗೆ ನುಗ್ಗಿತು. “ಏಮಮ್ಮಾ ಇದಿ!” ಎಂದು ಅವನು ಹಣೆ ಬಡಿದುಕೊಂಡ. “ತುಂಬಿದ ಕೆರೆಗೆ ಕಾಯಿ ಒಡೀದೆ ಹಂಗೇ ಹೋಗಾಕಾಯ್ತದೇನ್ಲಾ? ನಿಮ್ಮಾನೆ ಎಲ್ಲೋಗ್ತವೆ, ನಾಳೆ ಬತ್ತವೆ ಬಿಡು” ಎಂದು ಒಂದು ಹೋಳು ಅವನ ಕೈಗಿಟ್ಟಳು. ಅವನು ಬೈಯುತ್ತಲೇ ತಿಂದ.

ಇಲ್ಲಿ ಹುಣಿಸೆ ಬಡಿಯುತ್ತಿದ್ದಾರೆ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಮಳೆಗಾಲಕ್ಕೆ ಮುಂಚೆ ಮತ್ತೆ ಬರುತ್ತಾಳಂತೆ. ನನಗೆ ಸಾಕಾಗಿದೆ; ಆದರೂ ಕರೆತರುತ್ತೇನೆ.

ನಿನ್ನ ಅಣ್ಣ
ಆವಲಪ್ಪ

ಮತ್ತೆ: ಅಂಚೆಯವನು ಕಾಯುತ್ತಿದ್ದಾನೆ. ಅವತ್ತು ಆನೆಗಳ ಗದ್ದಲಕ್ಕೆ ದಡದ ದಿಣ್ಣೆಯ ಮೇಲಿನ ಗುಡಿಸಲಿನಿಂದ ನೀನು ಹೊರಗೆ ಬಂದದ್ದನ್ನು ನಾನು ನೋಡಿದೆ. ಸೊಂಟದ ಮೇಲೆ ಹೆಣ್ಣುಮಗು, ಬಾಗಿಲಲ್ಲಿ ಅದರ ತಾಯಿ. ನನ್ನನ್ನು ಕಂಡು ಒಳಗೆ ಹೋದೆ. ಅಮ್ಮನಿಗೆ ಅಷ್ಟು ದೂರ ಕಾಣುವುದಿಲ್ಲ, ನಾನೂ ಹೇಳಿಲ್ಲ. ಅವರು ಯಾವ ಜನ ಎಂದು ನಾನು ಕೇಳುವುದಿಲ್ಲ. ಅಮ್ಮನ ಆ ಇನ್ನೊಂದು ಕಣ್ಣು ಮಳೆಗಾಲದವರೆಗೆ ಉಳಿದರೆ ಹೆಚ್ಚು. ಮಗುವಿಗೆ ಏನೆಂದು ಹೆಸರಿಟ್ಟಿದ್ದೀಯ?