ಬಲಗಡೆಯ ಪದಕ

ಭಾನುವಾರ, ಮಧ್ಯಾಹ್ನ

ಗುಬ್ಬಿ,

ಮೊದಲು ಆಶೀರ್ವಾದ, ಆಮೇಲೆ ಜಗಳ. ನೀನು ಫೋನ್ ಎತ್ತುತ್ತಿಲ್ಲವಾದ್ದರಿಂದ ಜಗಳವನ್ನೂ ಕಾಗದದ ಮೇಲೆಯೇ ಆಡಬೇಕಾಗಿದೆ.

ನೀನು ಕಳಿಸಿದ ಸಂದೇಶವನ್ನು ನಿಮ್ಮಪ್ಪ ಓದಿ ಹೇಳಿದರು. ಮದುವೆಗೆ ಅಮ್ಮ ಬರಲಿ, ಪದಕ ಮನೆಯಲ್ಲೇ ಇರಲಿ, ಆ ವಿಷಯ ಇನ್ನು ಯಾರೂ ಎತ್ತುವುದು ಬೇಡ ಅಂತ. ಓದುವಾಗ ಅವರ ಮುಖ ಇಂಗು ತಿಂದ ಮಂಗನ ಹಾಗಿತ್ತು. ನನ್ನ ಎದುರು ಹೇಳಬೇಕಾದದ್ದನ್ನು ಅವರ ಬಾಯಲ್ಲಿ ಹೇಳಿಸುವ ಅಭ್ಯಾಸ ನಿನಗೆ ಎಲ್ಲಿಂದ ಬಂತೋ ಕಾಣೆ. ನನ್ನಿಂದಂತೂ ಬಂದದ್ದಲ್ಲ, ನನ್ನದೇನಿದ್ದರೂ ಕಡ್ಡಿ ಮುರಿದ ಹಾಗೆ.

ಆ ಪದಕ ಬಂದ ದಿನವೇ ನನ್ನ ತಲೆ ಕೆಟ್ಟಿತ್ತು. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಅಂತ ಹೊರದೇಶಕ್ಕೆ ಹೋದ ಸೈನಿಕರಿಗೆ ಅಲ್ಲೇ, ಶಿಬಿರದ ಮೈದಾನದಲ್ಲೇ, ಬ್ಯಾಂಡು ಬಾರಿಸಿ ಎದೆಗೆ ಚುಚ್ಚಿದರು. ಜನರೇಟರ್ ನೋಡಿಕೊಳ್ಳುವ ನನ್ನಂಥ ನಾಗರಿಕ ಸಿಬ್ಬಂದಿಗೂ ಅದೇ ಪದಕ, ಅದೇ ರಿಬ್ಬನ್ನು, ಆದರೆ ಅಂಚೆಯಲ್ಲಿ ಬರುತ್ತದೆ ಅಂದರು. ಬಂತು, ನೀನು ಸ್ಕೂಲು ಕಾಲೇಜು ಎಲ್ಲ ಮುಗಿಸಿ ಮದುವೆ ಗೊತ್ತಾದ ಮೇಲೆ. ಬಂದ ಪೊಟ್ಟಣದ ಮೇಲೆ ನನ್ನ ಇನಿಷಿಯಲ್ಲುಗಳ ಹಿಂದೆ 'ಶ್ರೀ' ಅಂತಿತ್ತು. ಅಂಚೆಯವನು ನಿಮ್ಮಪ್ಪನ ಕೈ ಕುಲುಕಿ, ಸಾರ್, ನೀವು ಇಷ್ಟು ದೊಡ್ಡವರು ಅಂತ ಗೊತ್ತೇ ಇರ್ಲಿಲ್ಲ ಅಂದ. ಬಾಗಿಲ ಹಿಂದೆ ನಾನು ಹಲ್ಲು ಕಡಿಯುತ್ತಾ ನಿಂತಿದ್ದೆ.

ಆ ರಾತ್ರಿ ಊಟದ ಮೇಜಿನಲ್ಲಿ ನಿಮ್ಮಿಬ್ಬರಿಗೂ ಅದನ್ನು ತೋರಿಸಿದೆ. ಹಿಂಬದಿಯಲ್ಲಿ ಶಾಂತಿಯ ಸೇವೆಗೆ ಅಂತ ಕೆತ್ತಿದೆ, ಯಾರ ಸೇವೆ ಅಂತ ಇಲ್ಲ. ಗಳಿಸಿದವರು ಎಡಗಡೆ ಧರಿಸಬೇಕು, ಅವರು ತೀರಿಕೊಂಡ ಮೇಲೆ ಮನೆಯವರು ಧರಿಸಿದರೆ ಬಲಗಡೆ, ಸೇನೆಯವರು ಇದನ್ನು ಬಹಳ ಕಟ್ಟುನಿಟ್ಟಾಗಿ ನೋಡುತ್ತಾರೆ ಅಂತ ವಿವರಿಸಿದೆ. ನೀನು ಫೋನ್ ನೋಡುತ್ತಿದ್ದೆ. ನಿಮ್ಮಪ್ಪ ಆಕಳಿಸುತ್ತಿದ್ದರು. ಗೋಡೆಗೆ ಹೇಳಿದ ಹಾಗಾಯಿತು ಅಂದುಕೊಂಡು ಡಬ್ಬಿ ಮುಚ್ಚಿಟ್ಟೆ.

ಅದಾದ ಮೇಲೆ ನೀನು ನಿನ್ನ ಹುಡುಗನ ಮನೆಗೆ ಹೋಗಿ ಮಾತಿನ ನಡುವೆ ಪದಕದ ಸುದ್ದಿ ಎತ್ತಿದೆ. ಕರ್ನಲ್ ಬೀಗರು ಕಿವಿ ನೆಟ್ಟಗೆ ಮಾಡಿ ಯಾರದು ಅಂತ ಕೇಳಿದರು. ಅಪ್ಪನದು ಅಂದುಬಿಟ್ಟೆ ನೀನು. ನನ್ನದು ಅಂದಿದ್ದರೆ, ಅಷ್ಟು ಚಿಕ್ಕ ಮಗುವನ್ನು ಬಿಟ್ಟು ತಾಯಿ ಹೋಗಿದ್ದಳಾ ಅಂತ ಅತ್ತೆಯಾಗುವವರು ಕೇಳುತ್ತಿದ್ದರು, ಅದಕ್ಕೆ ನಿನ್ನಲ್ಲಿ ಉತ್ತರ ಇರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಮೊನ್ನೆ, ನಿಮ್ಮಪ್ಪ ಹೊಸ ಅಂಗಿ ತೊಟ್ಟು ಕನ್ನಡಿ ಮುಂದೆ ಪದಕ ಹಿಡಿದು ನಿಂತಿದ್ದಾಗ. ಬಸ್ ಡಿಪೋದಲ್ಲಿ ಕಳೆದ ವಸ್ತುಗಳ ಕೌಂಟರಿನಲ್ಲಿ ಕೂರುವ ಮನುಷ್ಯ. ಒಂದು ಹರಕಲು ಕೊಡೆ ವಾಪಸ್ ಕೊಡಬೇಕಾದರೂ ಹಿಡಿ ಯಾವ ಬಣ್ಣ, ಎಷ್ಟು ಕಡ್ಡಿ ಮುರಿದಿದೆ ಅಂತ ಕೇಳಿಯೇ ಕೊಡುವವರು. ಅವರ ಕೈಯಲ್ಲಿ ಈ ಕೆಲಸ ಮಾಡಿಸಿದೆಯಲ್ಲ! ಅವರನ್ನು ಬೈದೆ. ಒಂದೇ ಒಂದು ಮಧ್ಯಾಹ್ನ ತಾನೇ, ಮಗಳು ಅಷ್ಟು ಕೇಳ್ಕೊಂಡಳು ಅಂದರು. ಗಾದೆ ಸುಳ್ಳಾದದ್ದು ನಮ್ಮ ಮನೆಯಲ್ಲೇ ಇರಬೇಕು, ಕೆಸರಾದದ್ದು ನನ್ನ ಕೈ, ಮೊಸರು ಕಂಡದ್ದು ಇನ್ನೊಬ್ಬರ ಬಾಯಿ. ಆದರೂ ನಿನ್ನ ಮದುವೆ ಅಂತ ಬಾಯಿಗೆ ಬೀಗ ಹಾಕಿಕೊಂಡೆ. ಬೀಗರ ಮನೆಗೆ ಹೋಗುವಾಗ ಬೇರೆ ಏನು ಹಾಕಿಕೊಳ್ಳುವುದು.

ನಿನ್ನೆ ಬೀಗರ ಮನೆಯಲ್ಲಿ ನಡೆದದ್ದು ನಿನಗೂ ಗೊತ್ತು. ಆದರೆ ನೀನು ಕೂತಿದ್ದು ಸೋಫಾದ ಮೂಲೆಯಲ್ಲಿ, ನಾನು ನಿಂತಿದ್ದು ಅಡುಗೆಮನೆಯ ಬಾಗಿಲಲ್ಲಿ, ಬೀಗಿತ್ತಿಯ ಚಹಾ ತಟ್ಟೆ ಹಿಡಿದುಕೊಂಡು. ಅಲ್ಲಿಂದ ಕಂಡದ್ದು ಕೇಳು.

ಕರ್ನಲ್ ಬೀಗರು ಸೆಲ್ಯೂಟ್ ಮಾಡಲೆಂದೇ ಎದ್ದರು. ಕೈ ಅರ್ಧಕ್ಕೆ ನಿಂತಿತು. ನಿಮ್ಮಪ್ಪನ ಎದೆ ನೋಡಿ, ಇದು ಬಲಗಡೆ ಯಾಕಿದೆ, ಇದು ನಿಮ್ಮದಲ್ವಾ ಅಂದರು. ನಿಮ್ಮಪ್ಪ ಒಂದು ಸಲ ನಿನ್ನ ಕಡೆ ನೋಡಿ, ಅಲ್ಲ ಸಾರ್, ನನ್ನ ಹೆಂಡತೀದು ಅಂದರು. ಬೀಗರು ಕನ್ನಡಕ ತೆಗೆದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ತಲೆ ತಗ್ಗಿಸಿದರು. ತುಂಬಾ ನೋವಾಯ್ತು, ಮಗು ಆಗ ಎಷ್ಟು ಚಿಕ್ಕದಿತ್ತು ಅಂತ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, ಹಾಗಾದ್ರೆ ಇವರು ಎರಡನೆಯವರಾ ಅಂದರು.

ಗುಬ್ಬಿ, ಬದುಕಿರುವಾಗಲೇ ನಾನು ಸತ್ತದ್ದೂ ಆಯಿತು, ನನ್ನ ಮನೆಗೆ ನಾನೇ ಮಲತಾಯಿಯಾಗಿ ಬಂದದ್ದೂ ಆಯಿತು. ಒಂದೇ ಒಂದು ಕ್ಷಣ ನಿನ್ನ ಬಾಯಿ ನೋಡಿದೆ. ಅಮ್ಮ ಇವಳೇ ಅಂತ ನೀನು ಹೇಳಿದ್ದರೆ ಸಾಕಿತ್ತು, ಎಲ್ಲ ನುಂಗಿಕೊಳ್ಳುತ್ತಿದ್ದೆ. ನೀನು ಬಿಸ್ಕತ್ತನ್ನು ನೋಡುತ್ತಾ ಕೂತೆ. ಅದಕ್ಕೇ ನಾನು ಮೊದಲನೆಯವಳೂ ನಾನೇ, ಎರಡನೆಯವಳೂ ನಾನೇ, ಸತ್ತಿಲ್ಲ, ಚಹಾ ಆರ್ತಾ ಇದೆ ತಗೊಳ್ಳಿ ಅಂದೆ. ಜೋರಾಗಿ ಅಂದೆ ಅಂತ ನಿಮ್ಮಪ್ಪ ಹೇಳುತ್ತಾರೆ. ಇರಬಹುದು. ಜನರೇಟರ್ ಪಕ್ಕದಲ್ಲಿ ಕೆಲಸ ಮಾಡಿದವಳ ದನಿ, ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದೆ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಿಮ್ಮಪ್ಪನಿಗೆ ಮಂಗಳಾರತಿ. ಮಾಡುವುದೇ ಕಳ್ಳತನ, ಅದನ್ನಾದರೂ ಸರಿಯಾದ ಕಡೆ ಚುಚ್ಚಿಕೊಳ್ಳಬಾರದಿತ್ತಾ ಅಂದೆ. ಎಡಜೇಬಲ್ಲಿ ಪೆನ್ನಿತ್ತು ಕಣೇ, ಜಾಗ ಇರ್ಲಿಲ್ಲ ಅಂದರು. ಪೆನ್ನಂತೆ!

ಈಗ ನಿನ್ನ ಮಾತಿಗೆ ಬರುತ್ತೇನೆ. ನಿನಗೆ ಆ ಪದಕ ಕಂಡರೆ ಆಗುವುದಿಲ್ಲ ಅಂತ ನನಗೆ ಗೊತ್ತು, ಯಾಕೆ ಅಂತಲೂ ಗೊತ್ತು. ನಾನು ಹೊರಟಾಗ ನಿನಗೆ ಕನ್ನಡಕ ಇರಲಿಲ್ಲ. ವಾಪಸ್ ಬಂದ ದಿನ ವಿಮಾನ ನಿಲ್ದಾಣದಲ್ಲಿ ಕನ್ನಡಕ ಹಾಕಿಕೊಂಡ ಹುಡುಗಿಯೊಬ್ಬಳು ನಿಮ್ಮಪ್ಪನ ಪಕ್ಕ ನಿಂತಿದ್ದಳು. ನಾನು ಅವಳನ್ನು ದಾಟಿ ಹೋಗಿ ನಿನ್ನನ್ನು ಹುಡುಕಿದೆ. ಅದನ್ನು ನೀನು ಮರೆತಿಲ್ಲ, ನಾನೂ ಮರೆತಿಲ್ಲ. ನಿನ್ನ ಜಡೆ ಹೆಣೆಯುವುದನ್ನು ನಿಮ್ಮಪ್ಪ ಡಿಪೋದ ಕಂಡಕ್ಟರಮ್ಮನ ಹತ್ತಿರ ಹಗ್ಗ ಇಟ್ಟುಕೊಂಡು ಕಲಿತರು. ಶಾಲೆಯ ನಾಟಕದ ದಿನ ತಾಯಂದಿರ ಸಾಲಿನಲ್ಲಿ ಅವರೊಬ್ಬರೇ ಪ್ಯಾಂಟು ಹಾಕಿಕೊಂಡು ಕೂತಿದ್ದರು.

ಆದರೆ ಅಲ್ಲಿ ನಾನೇನು ಊರು ನೋಡುತ್ತಿರಲಿಲ್ಲ. ಆಸ್ಪತ್ರೆ ಅಂದರೆ ನಾಲ್ಕು ಡೇರೆ. ಡೇರೆಯ ದೀಪ, ನೀರಿನ ಪಂಪು, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ, ಎಲ್ಲಕ್ಕೂ ಒಂದೇ ಡೀಸೆಲ್ ಜನರೇಟರ್. ಗಾಳಿ ಬೀಸಿದರೆ ಫಿಲ್ಟರಿನ ತುಂಬ ಮರಳು. ನಿದ್ದೆಯಲ್ಲೂ ಅದರ ಸದ್ದು ಒಂಚೂರು ಬದಲಾದರೆ ನಾನು ಎದ್ದು ಕೂರುತ್ತಿದ್ದೆ. ನನ್ನ ಹೆಬ್ಬೆರಳಿನ ಸುಟ್ಟ ಕಲೆ ಒಲೆಯದ್ದಲ್ಲ, ಚಿಕ್ಕವಳಿದ್ದಾಗ ನೀನು ಕೇಳಿದಾಗ ಹಾಗೆ ಹೇಳಿದ್ದೆ ಅಷ್ಟೆ. ಆ ಪೆಟ್ಟಿಗೆಯೊಳಗಿನ ಕೂಸುಗಳನ್ನು ನೋಡುವಾಗಲೆಲ್ಲ ನೀನು ನೆನಪಾಗುತ್ತಿದ್ದೆ, ಮತ್ತೆ ಹೋಗಿ ಫಿಲ್ಟರ್ ಒದರುತ್ತಿದ್ದೆ. ಹೋದದ್ದಕ್ಕೆ ಕ್ಷಮೆ ಕೇಳು ಅಂದರೆ ಕೇಳಲಾರೆ. ಕೇಳಿದರೆ ಸುಳ್ಳಾಗುತ್ತದೆ, ಆ ಖಾತೆಯಲ್ಲಿ ಈಗಾಗಲೇ ಬೇಕಾದಷ್ಟಿದೆ.

ನನಗೆ ಉರಿಯುವುದು ಯಾವುದು ಹೇಳಲಾ? ಅಂಚೆಯವನಿಗೆ ಅದು ನಿಮ್ಮಪ್ಪನದು. ಪೊಟ್ಟಣ ಕಳಿಸಿದ ಕಚೇರಿಗೆ 'ಶ್ರೀ' ಯಾರೋ ಅವರದು. ಬೀಗರಿಗೆ ಸತ್ತವಳದು. ಅದು ನನ್ನದು ಅಂತ ಅನುಮಾನವಿಲ್ಲದೆ ಗೊತ್ತಿರುವವಳು ಈ ಲೋಕದಲ್ಲಿ ನೀನೊಬ್ಬಳೇ, ಯಾಕೆಂದರೆ ಅದಕ್ಕೆ ಬೆಲೆ ತೆತ್ತವಳು ನೀನು. ಅಂಥ ನೀನೇ ಅದನ್ನು ಎತ್ತಿ ಬೇರೆಯವರಿಗೆ ಕೊಟ್ಟೆಯಲ್ಲೇ.

ಬೆಳಿಗ್ಗೆ ಬೀಗರು ಫೋನ್ ಮಾಡಿದ್ದರು. ಹೆದರಬೇಡ, ಮದುವೆ ನಿಂತಿಲ್ಲ. ಪದಕದ ವಿಷಯದಲ್ಲಿ ಸುಳ್ಳು ಯಾಕೆ ಬಂತು ಅಂತ ಕೇಳಿದರು. ಅವಳನ್ನೇ ಕೇಳಿ, ಅವಳ ಹತ್ತಿರ ಕಾರಣ ಇದೆ ಅಂದೆ. ಹಾಗಾಗಿ ಕೇಳುತ್ತಾರೆ. ಕೇಳಿದಾಗ ಏನು ಹೇಳಬೇಕು ಅಂತ ನಾನು ಹೇಳಿಕೊಡುವುದಿಲ್ಲ. ಒಂದು ಮಾತ್ರ ಬರೆಯುತ್ತೇನೆ. ಮದುವೆಗೆ ನಾನು ಬರುತ್ತೇನೆ, ಪದಕವೂ ಬರುತ್ತದೆ, ಎಡಗಡೆ. ಅಮ್ಮ ನನ್ನನ್ನು ಬಿಟ್ಟುಹೋಗಿದ್ದಳು ಅಂತ ನಿನ್ನ ಅತ್ತೆಗೆ ಹೇಳು, ಊರಿಗೆಲ್ಲ ಹೇಳು, ನಾನು ಪಕ್ಕದಲ್ಲೇ ನಿಂತು ಹೌದು ಅನ್ನುತ್ತೇನೆ. ನಾನು ಹೋಗಲೇ ಇಲ್ಲ ಅಂತ ಮಾತ್ರ ಹೇಳಬೇಡ.

ಊಟ ಸರಿಯಾಗಿ ಮಾಡು. ಕೋಪ ಬಂದಾಗ ನೀನು ಹೊಟ್ಟೆಯ ಮೇಲೆ ತೀರಿಸಿಕೊಳ್ಳುತ್ತೀಯ, ಅದು ನಿಮ್ಮಪ್ಪನ ಬುದ್ಧಿ.

ಇಂತಿ, ಬೀಗರ ಅನುಮಾನದ ಹೊರತಾಗಿಯೂ ಬದುಕಿರುವ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿಮ್ಮಪ್ಪನ ಹೊಸ ಅಂಗಿ ಒಗೆಯಲು ತೆಗೆದುಕೊಂಡೆ. ಶಾಯಿ ಕಲೆಯಾಗಿರುತ್ತದೆ ಅಂತ ಎಡಜೇಬಿಗೆ ಬೆರಳು ಹಾಕಿದರೆ ಒಳಗೆ ಹೋಗಲೇ ಇಲ್ಲ. ದರ್ಜಿ ಜೇಬಿನ ಬಾಯಿಗೆ ಹಾಕಿದ ಕಚ್ಚಾ ಹೊಲಿಗೆ ಹಾಗೇ ಇದೆ, ಒಂದು ಎಳೆಯೂ ಬಿಚ್ಚಿಲ್ಲ. ಪೆನ್ನಿರಲಿ, ಬೆಂಕಿಕಡ್ಡಿಯೂ ಅದರಲ್ಲಿ ಹಿಡಿಯುತ್ತಿರಲಿಲ್ಲ. ಅಂಗಿಯನ್ನು ಅವರ ಮುಂದೆ ಹಿಡಿದೆ. ಪೇಪರಿನಿಂದ ತಲೆ ಎತ್ತದೆ, ಅವತ್ತು ಊಟ ಮಾಡ್ತಾ ನೀನೇ ಹೇಳಿದ್ಯಲ್ಲ, ಬೇರೆಯವರದ್ದಾದ್ರೆ ಬಲಗಡೆ ಅಂತ ಅಂದರು. ಸತ್ತವರದ್ದಾದ್ರೆ ಅಂದೆ. ಆ ಭಾಗಕ್ಕೆ ಆಕಳಿಕೆ ಬಂದಿರಬೇಕು ಅಂದರು. ನಿನಗೆ ಇಲ್ಲ ಅನ್ನುವುದಕ್ಕೂ ಬರದೆ, ನನ್ನದನ್ನು ತನ್ನದು ಅನ್ನುವುದಕ್ಕೂ ಬರದೆ ಮಾಡಿದ ಕೆಲಸ ಇದು, ನಾನು ದಾರಿಯುದ್ದಕ್ಕೂ ಬೈದೆ. ಮದುವೆಗೂ ಅದೇ ಅಂಗಿಯಂತೆ. ಆ ಹೊಲಿಗೆಯನ್ನು ನಾನು ಮುಟ್ಟುವುದಿಲ್ಲ. ಅವರು ಪೆನ್ನು ಇಡಬೇಕಾದರೆ ನೀನೇ ಬಂದು ಬಿಚ್ಚು.