ಅಪ್ಪನ ಕಲ್ಲಿಗೆ ಪಿಟೀಲು

ಫಿಟ್ಜ್‌ರಾಯ್‌ನ ಬಾರು, ಮೇರೋ ದ್ವೀಪ
12 ಮಾರ್ಚ್ 1996, ಮಂಗಳವಾರ

ಮುದ್ದು ಮಗ ಗ್ಲೆನ್ರಾಯ್‌ಗೆ,

ಹೇಗಿದ್ದೀಯೋ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲ ಬಾರಿನವರು ಕೊಟ್ಟ ಹುರಿದ ಬಾಳೆಕಾಯಿಯಲ್ಲೇ ದಿನ ದೂಡುತ್ತಿದ್ದೀಯಾ? ಅಪ್ಪನ ಮಣ್ಣಿಗೆ ಬಂದಾಗ ಇದ್ದ ಕೆಮ್ಮು ಹೋಯಿತೋ ಇಲ್ಲವೋ. ನನ್ನದು ಕೇಳಬೇಡ. ಕಾಲೆರಡೂ ದೀವಿಹಲಸಿನ ಹಾಗೆ ಊದಿಕೊಂಡಿವೆ. ಚರ್ಚಿಗೆಂದು ಇಟ್ಟುಕೊಂಡಿದ್ದ ಬೂಟಿನ ತುಂಬ ಅಷ್ಟೂ ದ್ವೀಪಗಳ ಮರಳು.

ನಿನ್ನನ್ನು ಹುಡುಕಿಕೊಂಡು ನಮ್ಮೂರು ಕಾರಿಯಾಕು ಬಿಟ್ಟು ವಾರದ ಮೇಲಾಯಿತು. ಕಡಲ ದಂಡೆಯಲ್ಲಿ ತಗಡು ಹೊದಿಸಿ ನಾಲ್ಕು ಬಾಟಲಿ ಇಟ್ಟ ಕಡೆಯೆಲ್ಲ ಹೋಗಿ ವಿಚಾರಿಸಿದ್ದೇನೆ. ಹುಟ್ಟಿದಾಗಿನಿಂದ ರಮ್ ಮುಟ್ಟದ ಹೆಂಗಸು, ಈಗ ಯಾವ ಬಾರಿನ ಬೆಂಚು ಅಲ್ಲಾಡುತ್ತದೆ, ಯಾರು ರಮ್ಮಿಗೆ ನೀರು ಬೆರೆಸುತ್ತಾರೆ ಎಂದು ಹೇಳಬಲ್ಲೆ; ಪಾದ್ರಿಗಳಿಗೆ ಮಾತ್ರ ಹೇಳಬೇಡ. ಯೂನಿಯನ್ ದ್ವೀಪದಲ್ಲಿ ಬಾರು ಇಟ್ಟಿರುವ ಲೆನೋರಾ ನನ್ನನ್ನು ನೋಡಿದ್ದೇ ಸೊಂಟಕ್ಕೆ ಕೈಯಿಟ್ಟು, "ಅಯ್ಯೋ ಯುಟಾಲಿ ಅಕ್ಕಾ, ನೀನೂ ಶುರು ಹಚ್ಕೊಂಡ್ಯಾ?" ಎಂದು ನಕ್ಕಳು. ಆಮೇಲೆ, "ನಿನ್ನೆ ತಾನೇ ಹೋದ ಕಣಕ್ಕಾ, ಟೂರಿಸ್ಟ್‌ಗಳಿಗೆ ಎರಡು ಹಾಡು ಬಾರಿಸಿ" ಅಂದಳು. ಕನವಾನ್‌ನಲ್ಲೂ ನೀನು ನಿನ್ನೆ ತಾನೇ ಹೋಗಿದ್ದೆಯಂತೆ. ಬೆಕ್ವೇಯಲ್ಲೂ ಅದೇ ರಾಗ. ಇವರೆಲ್ಲ ನಿನ್ನ ಮಾತು ಕೇಳಿ ನನ್ನ ಕಿವಿಗೆ ಹೂವಿಡುತ್ತಿದ್ದಾರೆಂದು ತಿಳಿಯದಷ್ಟು ಪೆದ್ದಿಯಲ್ಲ ನಾನು. ಸಾಕಾಗಿ ಹೋಗಿದೆ ಮಗನೇ.

ನೀನು ಯಾಕೆ ತಪ್ಪಿಸಿಕೊಂಡು ತಿರುಗುತ್ತಿದ್ದೀಯೆಂದು ನನಗೆ ಗೊತ್ತು. ಅಪ್ಪ ಹೋದ ದಿನ ನೀನು ಇಂಥದ್ದೇ ಒಂದು ಬಾರಿನಲ್ಲಿ ಪಿಟೀಲು ಬಾರಿಸುತ್ತಿದ್ದೆ; ಸುದ್ದಿ ಮುಟ್ಟಿ, ದೋಣಿ ಸಿಕ್ಕಿ ನೀನು ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ನಿನ್ನ ಚಿಕ್ಕಪ್ಪ ಅಗಸ್ಟಸ್ ಊರವರೆದುರಿಗೇ, "ಕುಣ್ದು ಮುಗೀತೇನೋ? ಹೆತ್ತಪ್ಪನ್ನ ಹೂಣೋಕೂ ಪುರುಸೊತ್ತಿಲ್ವಾ ನಿಂಗೆ?" ಅಂದುಬಿಟ್ಟ. ತಲೆ ತಗ್ಗಿಸಿಕೊಂಡು ಅದೇ ದೋಣಿ ಹತ್ತಿದವನು ವರ್ಷವಾದರೂ ಮುಖ ತೋರಿಸಿಲ್ಲ.

ಈ ಶನಿವಾರ ಅಪ್ಪನ ಸಮಾಧಿಗೆ ಕಲ್ಲು ನಿಲ್ಲಿಸುತ್ತೇವೆ. ಅವತ್ತಿನ ಎಡೆಗೆ, ಊರೂಟಕ್ಕೆ ಅಂತ ಕುರಿ ತಂದು ಕಟ್ಟಿದ್ದೇವೆ, ತೊಗರಿ ಬಿಡಿಸಿಯಾಗಿದೆ, ಜೋಳದ ಹಿಟ್ಟೂ ಬಂದಿದೆ. ಆದರೆ ಅಪ್ಪ ಕನಸಿನಲ್ಲಿ ಬಂದಿದ್ದರು. ನನಗಲ್ಲ, ಅಗಸ್ಟಸ್‌ಗೆ! ದೋಣಿ ಕಟ್ಟುವ ಉಳಿ ಹಿಡಿದು ಅವನ ಮಂಚದ ತುದಿಗೆ ಕೂತು, "ಎಡೆ ಗಿಡೆ ಆಮೇಲೆ. ಹುಡುಗನ ಪಿಟೀಲೆಲ್ಲೋ? ಓಡಿಸಿದ್ದು ನೀನು, ಕರೆಸೋನೂ ನೀನೇ" ಅಂದರಂತೆ. ಸತ್ತವರು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲವೆನ್ನಲು ಯಾರಿಗೆ ಧೈರ್ಯ? ಅಗಸ್ಟಸ್ ಬೆವತು ನೀರಾಗಿ, ಬೆಳಕು ಹರಿಯುವುದರೊಳಗೆ ನನ್ನ ಬಾಗಿಲು ಬಡಿದ. ಅವನೇ ಹೊರಟಿದ್ದ, ಅವನನ್ನು ಕಂಡರೆ ನೀನು ಕಡಲಿಗೇ ಹಾರುತ್ತೀಯೆಂದು ನಾನು ಬಂದೆ. ಈಗ ದಿನಾ ದಕ್ಕೆಯ ಮೇಲೆ ನಿಂತು ಬರುವ ದೋಣಿಗಳನ್ನೆಲ್ಲ ನೋಡುತ್ತಿರುತ್ತಾನಂತೆ. ಪಿಟೀಲಿಲ್ಲದೆ ಕಲ್ಲು ನಿಲ್ಲಿಸಿದರೆ ಅಪ್ಪ ನೆಮ್ಮದಿಯಾಗಿ ಮಲಗುವುದಿಲ್ಲ. ನನಗೂ ನಿದ್ದೆ ಬರುವುದಿಲ್ಲ.

ಬೆಕ್ವೇಯಿಂದ ವಾಪಸು ಬರುತ್ತಾ ಇಲ್ಲಿ ಇಳಿದು ಫಿಟ್ಜ್‌ರಾಯ್‌ನನ್ನೂ ಕೇಳಿದೆ. "ಗ್ಲೆನ್ರಾಯಾ? ನಿನ್ನೆ ತಾನೇ..." ಎಂದು ಶುರು ಮಾಡಿದವನು ನನ್ನ ಮುಖ ನೋಡಿ, ಒರೆಸಿದ ಲೋಟವನ್ನೇ ಮತ್ತೆ ಒರೆಸತೊಡಗಿದ. ಪಾಪ, ಎಳನೀರು ಕೆತ್ತಿ ಕೊಟ್ಟ, ದುಡ್ಡು ಬೇಡವೆಂದ. ಈ ಕಾಗದ ಅವನ ಕೈಗೆ ಕೊಟ್ಟು ಮಧ್ಯಾಹ್ನದ ದೋಣಿಗೆ ಊರಿಗೆ ಹೋಗುತ್ತೇನೆ. ಇನ್ನು ಅಲೆಯಲು ಕಾಲಿನಲ್ಲಿ ಕಸುವಿಲ್ಲ.

ದೇವರು ನಿನ್ನ ಬೆರಳುಗಳನ್ನೂ ಎದೆಯನ್ನೂ ಕಾಯಲಿ. ಎಲ್ಲಿದ್ದರೂ ಬಿಸಿ ಊಟ ಸಿಗಲಿ.

ನಿನ್ನ ಅಮ್ಮ
ಯುಟಾಲಿ

ಇನ್ನೊಂದು ಮಾತು. ದೋಣಿ ಕೂಗಿತು, ಗೀಚಿದ್ದನ್ನು ಹೇಗೋ ಓದಿಕೊ. ಫಿಟ್ಜ್‌ರಾಯ್‌ನ ಫ್ರಿಜ್ಜಿನ ಹಿಂದೆ ಎರಡು ಪಾದ ಕಾಣುತ್ತಿವೆ. ಉಂಗುಷ್ಟ ಕಿತ್ತ ಚಪ್ಪಲಿಗೆ ದೋಣಿಯ ತಾಮ್ರದ ಮೊಳೆ ಹೊಡೆದು ಮೆಟ್ಟುವವರು ಲೋಕದಲ್ಲಿ ಇದ್ದದ್ದೇ ಇಬ್ಬರು, ಒಬ್ಬರನ್ನು ಹೂತಿದ್ದೇವೆ. ಬಂದ ಕೂಡಲೇ ನೋಡಿದೆ ಕಣೋ. ಕರೆದರೆ ಎದ್ದು ಓಡುತ್ತೀಯೆಂದು ಬೆನ್ನು ಮಾಡಿ ಕೂತು ಇದನ್ನೆಲ್ಲ ಬರೆದೆ. ತಿರುಗಿ ನೋಡದೆ ಹೋಗುತ್ತೇನೆ. ದೋಣಿಯಲ್ಲಿ ಪಕ್ಕದ ಜಾಗಕ್ಕೆ ನನ್ನ ಚೀಲ ಇಟ್ಟಿರುತ್ತೇನೆ. ಯಾರು ಕೇಳಿದರೂ ಜನ ಬರುತ್ತಾರೆ ಅನ್ನುತ್ತೇನೆ. ಪಿಟೀಲು ನೆನೆಯದ ಹಾಗೆ ಹಿಡಿದುಕೊಂಡು ಬಾ.