ಪ್ಯಾಂಟ್ರಿಯಿಂದ ಎಂ.ಡಿ. ಕರೆ

ಜೂನ್ 9, ಸೋಮವಾರ
ಸ್ವಸ್ತಿ ಶ್ರೀಮನ್ಮಹಾ ಇಂದಿರಾನಗರ ಆಫೀಸಿನ ನಲವತ್ತೆರಡು ಇಂಟರ್‌ನೆಟ್ ಫೋನುಗಳ ನಾಮಕರಣ ಪುರೋಹಿತ, ಎಕ್ಸ್‌ಟೆನ್ಷನ್ ಕುಲತಿಲಕ ಸಮರ್ಥನು ದಿನಚರಿ ಮಹಾರಾಯರ ಪಾದಾರವಿಂದಗಳಿಗೆ ಮಾಡಿಕೊಳ್ಳುವ ಬಿನ್ನಹ: ಇನ್ನೂ ಹದಿನೇಳು ಹೆಸರು ಬಾಕಿ. ಒಂದೊಂದು ನಂಬರಿಗೂ ಹೆಸರು ಟೈಪಿಸಬೇಕು. ಕರೆ ಬಂದಾಗ ಸ್ಕ್ರೀನಿನಲ್ಲಿ ಕಾಣುವುದು ಅದೇ. ಬೇಜಾರು... 214 ಪ್ಯಾಂಟ್ರಿ, ಟೀ ಮಾಡುವ ಚಾಂದ್ ಪಾಷಾ ಚಾಚಾ ಅವರದು. ಅದಕ್ಕೆ ‘ಎಂ.ಡಿ.’ ಎಂದು ನಾಮಕರಣ ಮಾಡಿದೆ. ಒಂದೇ ದಿನದ ಮಟ್ಟಿಗೆ.

ಜೂನ್ 10, ಬೆಳಿಗ್ಗೆ 11.20
ಟೀ ಹೊತ್ತಿಗೆ ಚಾಚಾ ಎಂದಿನಂತೆ ಮೊದಲ ಫೋನು ಎಚ್.ಆರ್. ಶಾಂಭವಿ ಮೇಡಂಗೆ ಮಾಡಿದರು. ಮೇಡಂ ಸ್ಕ್ರೀನ್ ನೋಡಿದರು. ಧಡಕ್ಕನೆ ಎದ್ದು ನಿಂತರು.
“ಗುಡ್ ಮಾರ್ನಿಂಗ್ ಸರ್!”
ಸ್ಪೀಕರಿನಿಂದ ಚಾಚಾ: “ಮೇಡಂ, ಶುಂಠಿ ಹಾಕ್ಲಾ, ಬೇಡ್ವಾ?”
ಇಡೀ ಫ್ಲೋರ್ ನಕ್ಕಿತು. ಹಿಂದೆಯೇ ನಿಂತಿದ್ದ ನಿಜವಾದ ಎಂ.ಡಿ. ಕೂಡ. ಮೇಡಂ ನಗಲಿಲ್ಲ.

ಮಧ್ಯಾಹ್ನ 3
ಹೆಸರು ಸರಿಮಾಡಿದೆ. ತಡವಾಗಿತ್ತು. ಮೇಡಂ ಆಗಲೇ ಪ್ಯಾಂಟ್ರಿಯಲ್ಲಿದ್ದರು. “ಎಂ.ಡಿ. ಅಂತ ಹೆಸ್ರು ಹಾಕ್ಕೊಂಡು ನನ್ನೇ ಆಟ ಆಡಿಸ್ತೀರೇನ್ರೀ? ನಾಳೆಯಿಂದ ಬರ್ಬೇಡಿ!”
ಹನ್ನೊಂದು ವರ್ಷದ ಕೆಲಸ. ಚಾಚಾ ತಮ್ಮ ಟೀ ಸೋಸುವ ಬಟ್ಟೆ ಒಗೆದು, ಒಣಹಾಕಿ ಹೋದರು.

ಜೂನ್ 13
ಮೂರು ದಿನ ಬಾಯಿಪಾಠ ಮಾಡಿದ್ದು ಎರಡೇ ಪದ — “ನಾನೇ ಮೇಡಂ.” ಇವತ್ತು ಅವರ ಎದುರು ನಿಂತೆ. ಬಾಯಿಂದ ಬಂದದ್ದು:
“ವಯಸ್ಸಾಗಿದೆ ಮೇಡಂ, ಗೊತ್ತಿಲ್ದೆ ಏನೋ ಒತ್ಬಿಟ್ಟಿರ್ತಾರೆ. ಕ್ಷಮಿಸ್ಬಿಡಿ.”
“ಒಳ್ಳೇ ಹುಡುಗ ಕಣೋ ನೀನು. ಸರಿ, ಬಂದು ಸಾರಿ ಕೇಳ್ಲಿ.”
ಒಳ್ಳೇ ಹುಡುಗ!

ಜೂನ್ 16, ಸೋಮವಾರ
ಚಾಚಾ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಶಿವಾಜಿನಗರದಿಂದ ಬಂದರು. ಎಲ್ಲರೆದುರು ಕೈಮುಗಿದರು. ನಾನು ಕೀಬೋರ್ಡ್ ನೋಡುತ್ತ ಕೂತೆ.

ಸಂಜೆ 5
ನನಗೆ ಮಾತ್ರ ದೊಡ್ಡ ಲೋಟದಲ್ಲಿ ಟೀ.
“ನೀನ್ ಹೇಳ್ದೆ ಇದ್ದಿದ್ರೆ ನನ್ ಕೆಲ್ಸ ಹೋಗ್ತಿತ್ತು ಬೇಟಾ. ಯಾವ ಬಟನ್ ಒತ್ಬಿಟ್ನೋ, ಅಲ್ಲಾಗೇ ಗೊತ್ತು. ಸ್ವಲ್ಪ ತೋರ್ಸು, ಇನ್ಮೇಲೆ ಮುಟ್ಟಲ್ಲ.”
ಆಗಲಾದರೂ ಹೇಳಬಹುದಿತ್ತು. ಪ್ಯಾಂಟ್ರಿಯಲ್ಲಿ ಇದ್ದದ್ದು ನಾವಿಬ್ಬರೇ.
ಸುಮ್ಮನೆ ಒಂದು ಬಟನ್ ತೋರಿಸಿದೆ. ಚಾಚಾ ಅದರ ಮೇಲೆ ಅಚ್ಚುಕಟ್ಟಾಗಿ ಟೇಪು ಅಂಟಿಸಿಬಿಟ್ಟರು. ಅದು ಸೌಂಡ್ ಜಾಸ್ತಿ ಮಾಡುವ ಬಟನ್. ಅವರಿಗೆ ಮೊದಲೇ ಕಿವಿ ಸ್ವಲ್ಪ —